ಓರೆ ಚೌಕ ಎಷ್ಟು ಅಡಿ? ನಮ್ಮ ಮಾಳಿಗೆ ಮೇಲೆ ವಾರ ವಾರ ಇದೇ ಜಗಳ

ರಾಯಚೂರು ದಾಳ:
ಭಾನುವಾರ ನಾಲ್ಕು ಜನ ಗೆಳೆಯರು ನಮ್ಮ ಮನೆ ಮಾಳಿಗೆ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕಥೆಯಾಟ. ಐದನೇ ಆವೃತ್ತಿ, ಆಡಿಸುವವನು ನಾನೇ. ಮಗಳ ಲೆಕ್ಕದ ಚೌಕುಳಿ ಪುಸ್ತಕದ ಹಾಳೆಯೇ ನಕ್ಷೆ, ಹುಣಸೆ ಬೀಜಗಳೇ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರು. ಒಂದು ಚೌಕಕ್ಕೆ 5 ಅಡಿ. ಸರದಿಗೆ 30 ಅಡಿ ನಡಿಗೆ, ಅಂದ್ರೆ 6 ಚೌಕ. ಇಲ್ಲಿವರೆಗೆ ಸರಿ. ಆದರೆ ನಮ್ಮಲ್ಲೊಬ್ಬ ಇಂಜಿನಿಯರ್ ಇದ್ದಾನೆ. ಯಾರಾದರೂ ಓರೆಯಾಗಿ ನಡೆದರೆ ಸಾಕು, "ಅದು 5 ಅಲ್ಲ, 7 ಅಡಿ" ಅಂತ ಮೊಬೈಲ್ ತೆಗೆಯುತ್ತಾನೆ. ಹೋದ ವಾರ ಫೈರ್‌ಬಾಲ್ ಅನ್ನೋ ಬೆಂಕಿ ಮಂತ್ರ ಯಾರ್ಯಾರಿಗೆ ತಾಗಿತು ಅಂತ ಇಪ್ಪತ್ತು ನಿಮಿಷ ವಾದ. ಒಗ್ಗರಣೆ, ಮಿರ್ಚಿ ಎರಡೂ ಆರಿಹೋದವು. ನೀವೆಲ್ಲ ಏನು ಮಾಡುತ್ತೀರಿ?

ಬಳ್ಳಾರಿ ಗುಡ್ಡ:
ನಿಮ್ಮ ಇಂಜಿನಿಯರ್ ಲೆಕ್ಕ ಸರಿಯೇ ಇದೆ, ಆಟ ಬೇರೆ ಅಷ್ಟೇ. ಐದನೇ ಆವೃತ್ತಿಯಲ್ಲಿ ಓರೆ ಚೌಕಕ್ಕೂ 5 ಅಡಿಯೇ. ಅವರು ಒಪ್ಪದಿದ್ದರೆ ಮೊದಲ ಓರೆಗೆ 5, ಎರಡನೆಯದಕ್ಕೆ 10, ಮತ್ತೆ 5 ಅಂತ ಎಣಿಸಿ. ಇದೇ ಆಟದ ಹಳೆಯ 3.5 ಆವೃತ್ತಿಯಲ್ಲಿ ಇದೇ ನಿಯಮ ಇತ್ತು. ನಾನು ಒಂದು ತಿಂಗಳು ಆಡಿಸಿ ನೋಡಿದೆ. ಎಣಿಸಿ ಎಣಿಸಿ ತಲೆ ಕೆಟ್ಟು ಬಿಟ್ಟೆ.

ಕೊಪ್ಪಳದಕ್ಕ:
ಚೌಕವೇ ಬೇಡ ತಮ್ಮಾ. ಅಕ್ಕನ ಮಕ್ಕಳಿಗೆ ನಾನು ಮೂರೇ ಅಳತೆಯಲ್ಲಿ ಆಡಿಸುತ್ತೇನೆ: ಕೈಯಳತೆ, ಕಲ್ಲೆಸೆತ, ಕೂಗಳತೆ. ಕತ್ತಿ ಬೀಸಲು ಕೈಯಳತೆಯಲ್ಲಿ ಇರಬೇಕು. ಕಲ್ಲೆಸೆತದಲ್ಲಿದ್ದರೆ ಒಂದು ಸರದಿಯಲ್ಲಿ ಓಡಿ ಮುಟ್ಟಬಹುದು. ಕೂಗಳತೆಗೆ ಬಿಲ್ಲೇ ಬೇಕು. ಆಟದ ಲಾಂಗ್‌ಬೋ, ಅಂದ್ರೆ ಉದ್ದ ಬಿಲ್ಲು, 150 ಅಡಿವರೆಗೆ ಸಲೀಸು, 600ರವರೆಗೆ ಕಷ್ಟದಲ್ಲಿ ಹೊಡೆಯುತ್ತದಲ್ವಾ, ಸರಿಹೋಗುತ್ತದೆ. ಇದೇನು ನಾನು ಕಂಡುಹಿಡಿದಿದ್ದಲ್ಲ. 13ತ್ ಏಜ್ ಅನ್ನೋ ಇಂಥದ್ದೇ ಇನ್ನೊಂದು ಆಟದಲ್ಲೂ ಕೈಗೆ ಕೈ, ಹತ್ತಿರ, ದೂರ ಅಂತಲೇ ಇದೆ. ಆದರೆ 'ಕೂಗಳತೆ' ಅಂದರೆ ಎಷ್ಟು ದೂರ ಅಂತ ನಮ್ಮ ಹುಡುಗರು ಕೇಳುವುದಿಲ್ಲ, ಹೊಲದಲ್ಲಿ ಅಪ್ಪನನ್ನು ಊಟಕ್ಕೆ ಕೂಗಿದವರು.

ರಾಯಚೂರು ದಾಳ:
ಅಕ್ಕಾ, ಕೂಗಳತೆ ನಮ್ಮ ಮಾಳಿಗೆಗೂ ಬಂತು. ಫೈರ್‌ಬಾಲ್ ಒಂದೇ ಬಾಕಿ ಉಳಿದಿತ್ತು. ನಡುವಿನಿಂದ ಎಲ್ಲ ಕಡೆಗೂ 20 ಅಡಿ, ಅಂದ್ರೆ ಅಡ್ಡಗಲ 40. ನಿನ್ನೆ ಎಲ್ಲರನ್ನೂ ನಮ್ಮ ರಾಯಚೂರು ಕೋಟೆಗೆ ಕರೆದುಕೊಂಡು ಹೋದೆ. 1294ರ ತೆಲುಗು ಶಾಸನ ಇರುವ ಆ ಒಂಟಿ ಕಲ್ಲು ಸುಮಾರು 41 ಅಡಿ ಉದ್ದ. "ಈ ತುದಿಯಿಂದ ಆ ತುದಿಗೆ ಒಂದು ಫೈರ್‌ಬಾಲ್" ಅಂದೆ. ಇಂಜಿನಿಯರ್ ಮೊಬೈಲ್ ತೆಗೆಯಲಿಲ್ಲ. ಗೋಡೆ ಪಕ್ಕ ಹೆಜ್ಜೆ ಹಾಕುತ್ತಾ ಹೋದ, ವಾಪಸ್ ಬಂದ. "ಹಂಗಾದ್ರೆ ಹೋದ ವಾರ ನಾನೂ ಸುಟ್ಟುಹೋಗಿದ್ದೆ ಅಲ್ವಾ?" ಅಂದ.