ಘಾಟಲ್ಲಿ ಮಜಾನೂ ಬೇಕು, ಹಿಂದೆ ಕೂತ ಅಮ್ಮನಿಗೆ ಆರಾಮೂ ಬೇಕು, ಯಾವ ಕಾರ್ ನೋಡ್ಲಿ?

ಮಲ್ನಾಡ್ ಹುಡುಗ:
ಎಲ್ರಿಗೂ ನಮಸ್ಕಾರ. ಆನ್ ರೋಡ್ 20 ಲಕ್ಷದೊಳಗೆ ಒಂದು ಕಾರ್ ತಗೋಬೇಕು ಅಂತಿದೀನಿ. ಇರೋದು ಬೆಂಗಳೂರಲ್ಲಿ, ಬನ್ನೇರುಘಟ್ಟ ರೋಡಿಂದ ಬೆಳ್ಳಂದೂರಿಗೆ ದಿನಾ ಆಫೀಸು, ಸಿಲ್ಕ್ ಬೋರ್ಡ್ ಕಥೆ ನಿಮಗೆಲ್ಲಾ ಗೊತ್ತೇ ಇದೆ. ಊರು ಮೂಡಿಗೆರೆ ಕಡೆ, ತಿಂಗಳಿಗೊಂದ್ಸಲ ಹೋಗೇ ಹೋಗ್ತೀವಿ, ಅಲ್ಲಿಂದ ಎಷ್ಟೋ ಸಲ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೂ ಹೋಗೋದಿರುತ್ತೆ. ಇಷ್ಟು ವರ್ಷ ಫೋಕ್ಸ್‌ವ್ಯಾಗನ್ ಪೋಲೋ ಓಡಿಸಿದೀನಿ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಗಾಡಿ ಮೂಗು ತಿರುಗಬೇಕು, ಅದು ಅಭ್ಯಾಸ ಆಗ್ಬಿಟ್ಟಿದೆ, ತೇಲೋ ಗಾಡಿ ನನ್ನ ಕೈಲಿ ಆಗಲ್ಲ. ಆದ್ರೆ ಈಗ ಅಮ್ಮ ನಮ್ಮ ಜೊತೆಗೇ ಇದಾರೆ, ಅವರಿಗೆ ಸೊಂಟ ನೋವು, ಹಂಪ್ ಮೇಲೆ ಸ್ವಲ್ಪ ಜೋರಾಗಿ ಹೋದ್ರೂ ಪಾಪ ಹಿಂದಿಂದ "ಅಯ್ಯಪ್ಪಾ" ಅಂತಾರೆ. ಫೋಕ್ಸ್‌ವ್ಯಾಗನ್ ವರ್ಟಸ್, ಹ್ಯುಂಡೈ ಐ20 ಎನ್ ಲೈನ್, ಹೋಂಡಾ ಸಿಟಿ, ಸಿಟ್ರನ್ ಬಸಾಲ್ಟ್ ಇಷ್ಟು ಲಿಸ್ಟಲ್ಲಿದೆ. ಸ್ಪೋರ್ಟಿ ಅಂದ್ರೆ ಗಟ್ಟಿ, ಆರಾಮು ಅಂದ್ರೆ ಮೆತ್ತಗೆ, ಎರಡೂ ಒಟ್ಟಿಗೆ ಸಿಗಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ. ನಿಜಾನಾ?

ಕುಡ್ಲದ ಕಾರ್ ಭಟ್ರು:
ಅರ್ಧ ನಿಜ ಮಾರಾಯ್ರೆ. ನಾನು ಶಿರಾಡಿ, ಚಾರ್ಮಾಡಿ ಎರಡರಲ್ಲೂ ಓಡಾಡುವವ, ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು. ಘಾಟಿಯಲ್ಲಿ ಹಿಂದೆ ಕೂತವರಿಗೆ ಕಷ್ಟ ಆಗುವುದು ಗಟ್ಟಿ ಸಸ್ಪೆನ್ಷನಿನಿಂದ ಅಲ್ಲ, ಗಾಡಿ ಆಚೆ ಈಚೆ ನಿಧಾನಕ್ಕೆ ಓಲಾಡುವುದರಿಂದ. ಒಂದು ತಿರುವಿನಲ್ಲಿ ಎಡಕ್ಕೆ ವಾಲಿ ಅದು ಸರಿ ಆಗುವುದರೊಳಗೆ ಇನ್ನೊಂದು ತಿರುವು ಬಂದು ಬಲಕ್ಕೆ ವಾಲ್ತದೆ, ವಾಂತಿ ಶುರು ಆಗುವುದು ಅಲ್ಲೇ. ಸಿಟಿಯಲ್ಲಿ ಹೂವಿನ ಹಾಗೆ ಹೋಗುವ ಮೆತ್ತನೆ ಗಾಡಿಯಲ್ಲಿ ಕೊಟ್ಟಿಗೆಹಾರದಿಂದ ಇಳಿದು ನೋಡಿ, ಕೆಳಗೆ ಮುಟ್ಟುವಾಗ ಅಮ್ಮನವರ ಮುಖ ಬಾಡಿರ್ತದೆ. ವಾಲದ ಗಾಡಿ ಅಂದರೆ ಘಾಟಿಯಲ್ಲಿ ಅದೇ ಆರಾಮ. ಬಸಾಲ್ಟ್ ಗುಂಡಿಗಳನ್ನು ಚಂದ ನುಂಗ್ತದೆ, ಸುಳ್ಳು ಹೇಳ್ಲಿಕ್ಕಿಲ್ಲ, ಆದರೆ ವಾಲುವುದು ಜಾಸ್ತಿ ಉಂಟು, ಪೋಲೋ ಓಡಿಸಿದವರಿಗೆ ಅದು ಹಿಡಿಸುವುದು ಕಷ್ಟ.

ಗ್ಯಾರೇಜ್ ಗುರು:
ಭಟ್ರು ಹೇಳಿದ್ದು ಕರೆಕ್ಟ್. ಬ್ರೋ, ಸ್ಪ್ರಿಂಗು ಬೇರೆ ಡ್ಯಾಂಪರ್ ಬೇರೆ, ಇದನ್ನ ತಲೇಲಿ ಇಟ್ಕೊಂಡು ಟೆಸ್ಟ್ ಡ್ರೈವ್‌ಗೆ ಹೋಗಿ. ಸ್ಪ್ರಿಂಗ್ ಭಾರ ಹೊರುತ್ತೆ, ಡ್ಯಾಂಪರ್, ಅಂದ್ರೆ ನಾವು ಶಾಕ್ ಅಬ್ಸಾರ್ಬರ್ ಅಂತೀವಲ್ಲ ಅದು, ಆ ಸ್ಪ್ರಿಂಗ್ ಕುಣಿಯೋದನ್ನ ನಿಲ್ಲಿಸುತ್ತೆ. ಒಂದು ಹಂಪ್ ದಾಟಿ ಗಮನ ಇಟ್ಟು ನೋಡಿ, ಗಾಡಿ ಹಿಂಭಾಗ ಒಂದೇ ಸಲ ಮೇಲೆದ್ದು ಕೂತ್ಕೊಂಡ್ರೆ ಸೆಟ್ಟಿಂಗ್ ಚೆನ್ನಾಗಿದೆ, ಎರಡು ಮೂರು ಸಲ ಕುಣಿದ್ರೆ ಮೆತ್ತಗಿದ್ರೂ ಹೈವೇಲಿ ಸುಸ್ತು ಮಾಡಿಸುತ್ತೆ, ಮೇಲೇಳದೆ ಬರೀ ದಡ್ ಅಂತ ಬೆನ್ನಿಗೆ ಹೊಡೆದ್ರೆ ಅದು ನಿಮ್ಮ ಅಮ್ಮನಿಗೆ ಆಗಲ್ಲ.

ಇನ್ನೊಂದು, ಎಲ್ರೂ ಮರೆಯೋದು ಟೈರ್. ವರ್ಟಸ್‌ಗೆ ಬರೋದು 205/55 ಆರ್16, ಅಂದ್ರೆ ಅಗಲ 205 ಮಿ.ಮೀ., ರಬ್ಬರ್ ಗೋಡೆ ಅದರ ಶೇಕಡಾ 55, ಸುಮಾರು 113 ಮಿ.ಮೀ., ರಿಮ್ 16 ಇಂಚು. ಲುಕ್‌ಗೆ ಅಂತ 17 ಇಂಚಿನ ಅಲಾಯ್ ಹಾಕಿ 215/45 ಟೈರ್ ಏರಿಸಿದ್ರೆ ಅದು 97ಕ್ಕೆ ಇಳಿಯುತ್ತೆ. ಚೂಪು ಅಂಚಿನ ಗುಂಡಿಗೆ ಬಿದ್ದಾಗ ಮೊದಲು ಏಟು ತಿನ್ನೋದು ಆ ರಬ್ಬರ್ರೇ, ಅದು 16 ಮಿ.ಮೀ. ಕಮ್ಮಿ ಆದ್ರೆ ಹಿಂದಿನ ಸೀಟಲ್ಲಿ ಗೊತ್ತಾಗೇ ಆಗುತ್ತೆ, ರಿಮ್ ಬೆಂಡ್ ಆಗೋ ಚಾನ್ಸೂ ಜಾಸ್ತಿ. ನನ್ನ ಹತ್ರ ಹಂಗೆ ಹಾಕಿಸ್ಕೊಂಡು ಬರೋರಿಗೆ ವಾಪಸ್ 16ಕ್ಕೆ ಬನ್ನಿ ಅಂತಲೇ ಹೇಳೋದು. ಗಾಡಿ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಯೋಚನೆ ಇದ್ರೆ ಈಗಲೇ ಬಿಟ್ಬಿಡಿ, ನಮ್ಮ ರೋಡಿಗೆ ಅದು ಬೇಡವೇ ಬೇಡ.

ಹುಬ್ಬಳ್ಳಿ ಹೈವೇ:
ನಾ ಸ್ವಲ್ಪ ಬ್ಯಾರೆ ಹೇಳ್ತೇನ್ರಿ. ನೀವು ತಿಂಗಳಿಗೊಮ್ಮೆ ಘಾಟ್ ಇಳೀತೀರಿ, ಉಳದ ದಿನ ಎಲ್ಲಾ ಟ್ರಾಫಿಕ್ಕಿನ್ಯಾಗ ಕುಂದರತೀರಿ. ಅಲ್ಲಿ ಹ್ಯಾಂಡ್ಲಿಂಗ್ ತಗೊಂಡು ಏನ್ ಮಾಡ್ತೀರಿ? ಸ್ಟೀರಿಂಗ್ ಹಗರ ಇರಬೇಕು, ಗೇರ್‌ಬಾಕ್ಸ್ ಜರ್ಕ್ ಹೊಡೀಬಾರದು, ಎಸಿ ಗಟ್ಟಿ ಇರಬೇಕು, ಅಷ್ಟ. ಹೋಂಡಾ ಸಿಟಿ ಸಿವಿಟಿ, ಅಂದ್ರ ಗೇರ್ ಬದಲಾಗೋ ಜರ್ಕ್ ಇಲ್ಲದ ಆಟೋಮ್ಯಾಟಿಕ್, ಒಮ್ಮೆ ಓಡಿಸಿ ನೋಡ್ರಿ, ಟರ್ಬೋ ಅಲ್ಲ, ಖರೆ, ಆದ್ರ 1.5 ಲೀಟರ್, 121 ಪಿಎಸ್ ಅದ, ಟ್ರಾಫಿಕ್ಕಿನ್ಯಾಗ ಬೆಣ್ಣಿ ಹಂಗ ಹೋಗ್ತದ, ಹಿಂದಿನ ಸೀಟೂ ಭಾಳ ಛಲೋ. ವರ್ಟಸ್ಸ ಬೇಕು ಅಂದ್ರ 1.0 ಟಿಎಸ್‌ಐ ಟರ್ಬೋ ಇಂಜಿನ್ನಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ತಗೋರಿ. 115 ಪಿಎಸ್, 178 ಎನ್‌ಎಂ, ನಿಮ್ಮ ಕೆಲಸಕ್ಕ ಧಾರಾಳ ಆತು. 1.5 ಜೊತಿ ಬರೋ ಡಿಎಸ್‌ಜಿ, ಅಂದ್ರ ಎರಡು ಕ್ಲಚ್ಚಿನ ಆಟೋಮ್ಯಾಟಿಕ್, ಖಾಲಿ ರೋಡಿನ್ಯಾಗ ಮಸ್ತ್, ಆದ್ರ ಅದು ಎಣ್ಣಿ ಇಲ್ಲದ ಡ್ರೈ ಕ್ಲಚ್, ಟ್ರಾಫಿಕ್ಕಿನ್ಯಾಗ ಬಿಸಿ ಆಗ್ತದ, ಸಿಲ್ಕ್ ಬೋರ್ಡ್‌ನಾಗ ಇಂಚಿಂಚ ಸರಿಯೋದಕ್ಕ ನಾ ಅಂತೂ ಆರಿಸಂಗಿಲ್ಲ.

ಮಲ್ನಾಡ್ ಹುಡುಗ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಹುಬ್ಬಳ್ಳಿ ಸರ್, ನಿಮ್ಮ ಮಾತು ಒಪ್ಪೋ ಹಾಗೇ ಇದೆ, ಆದ್ರೆ ಆ ತಿಂಗಳಿಗೊಂದು ದಿನಕ್ಕೋಸ್ಕರಾನೇ ನಾನು ಉಳಿದ ದಿನ ಕಾಯ್ತೀನಿ, ಅದನ್ನ ಬಿಡೋಕೆ ಮನಸ್ಸಿಲ್ಲ. ಇನ್ನೊಂದು ವಿಷಯ, ನಿನ್ನೆ ಒಬ್ಬ ಕಲೀಗ್ ವರ್ಟಸ್‌ನಲ್ಲಿ ಅಮ್ಮನ್ನ ಹಿಂದೆ ಕೂರಿಸಿ ನೋಡಿದೆ. ಓಡ್ತಾ ಇರುವಾಗ ಏನೂ ತೊಂದರೆ ಅನ್ನಲಿಲ್ಲ, ಆದ್ರೆ ಇಳಿಯುವಾಗ ಸೀಟು ತಗ್ಗು ಅಂತ ಬಾಗಿಲು ಹಿಡ್ಕೊಂಡು ಎದ್ರು. ಇದಕ್ಕೇನ್ ಮಾಡೋದು?

ಗ್ಯಾರೇಜ್ ಗುರು:
ಹಾಗಾದ್ರೆ ಸೆಡಾನ್ ಹಟ ಬಿಡಿ, ಫೋಕ್ಸ್‌ವ್ಯಾಗನ್ ಟೈಗುನ್ ಇಲ್ಲಾ ಸ್ಕೋಡಾ ಕುಶಾಕ್ ಎಸ್‌ಯುವಿ ನೋಡಿ. ವರ್ಟಸ್, ಸ್ಕೋಡಾ ಸ್ಲಾವಿಯಾ ಸೆಡಾನ್‌ದ್ದೇ ಪ್ಲಾಟ್‌ಫಾರ್ಮು, ಅದೇ ಇಂಜಿನ್, ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಕೂಡ ಅದೇ 2651 ಮಿ.ಮೀ. ಸೀಟು ಎತ್ತರ ಇರೋದ್ರಿಂದ ಅಮ್ಮ ಬಗ್ಗದೆ ಹತ್ತಿ ಇಳೀಬಹುದು. ತಿರುವಲ್ಲಿ ವರ್ಟಸ್ಸಷ್ಟು ಅಂಟ್ಕೊಂಡು ಹೋಗಲ್ಲ, ಆದ್ರೆ ಆ ಸೈಜಿನ ಎಸ್‌ಯುವಿಗಳಲ್ಲಿ ನಿಮ್ಮಂಥೋರಿಗೆ ಇದೇ ಹತ್ತಿರ. 17 ಇಂಚು ವೀಲ್ ಇರೋ ಟಾಪ್ ವೇರಿಯಂಟ್ ಬದಲು 16 ಇಂಚಿಂದು ನೋಡಿ. ಐ20 ಎನ್ ಲೈನ್ ನಾನಾದ್ರೆ ಲಿಸ್ಟಿಂದ ತೆಗೀತೀನಿ, ಒಬ್ರೇ ಓಡಿಸೋಕೆ ತುಂಬಾ ಇಷ್ಟ ಆಗುತ್ತೆ, ಸೊಂಟ ನೋವಿರೋರಿಗೆ ಸಸ್ಪೆನ್ಷನ್ ಗಟ್ಟಿ.

ಕುಡ್ಲದ ಕಾರ್ ಭಟ್ರು:
ಶೋರೂಮಿನವರು ಒಳ್ಳೆ ರೋಡಿನಲ್ಲೇ ಒಂದು ಸುತ್ತು ಹಾಕಿಸಿ ಕಳಿಸ್ತಾರೆ, ಅದನ್ನು ನಂಬಿ ಬುಕ್ ಮಾಡಬೇಡಿ. ಸೆಲ್ಫ್ ಡ್ರೈವ್ ಬಾಡಿಗೆಗೆ ಟೈಗುನ್ ಸಿಗ್ತದಾ ನೋಡಿ, ಒಂದು ವೀಕೆಂಡಿಗೆ ತಗೊಂಡು ಊರಿಗೇ ಹೋಗಿ ಬನ್ನಿ, ಅಮ್ಮನವರನ್ನೂ ಲಗೇಜನ್ನೂ ಹಾಕಿಕೊಂಡು. ಈ ಗಾಡಿಗಳದ್ದೆಲ್ಲ ಹಿಂದಿನ ಸ್ಪ್ರಿಂಗ್ ಪೂರ್ತಿ ಲೋಡ್ ಹೊರುವ ಹಾಗೆ ಇಟ್ಟದ್ದು, ಖಾಲಿ ಇದ್ದಾಗ ಹಿಂದೆ ಸ್ವಲ್ಪ ಎತ್ತಿ ಹಾಕ್ತದೆ, ಜನ ತುಂಬಿದರೆ ಕೂತುಕೊಳ್ತದೆ. ಹಾಗೆ ನೀವೂ ಒಮ್ಮೆ ಹಿಂದೆ ಕೂತು ಬೇರೆಯವರ ಕೈಲಿ ಓಡಿಸಿ ನೋಡಿ, ಸ್ಟೀರಿಂಗ್ ಹಿಡಿದವನಿಗೆ ಹಿಂದಿನ ಸೀಟಿನ ಏಟು ಗೊತ್ತಾಗುವುದಿಲ್ಲ. ಹೊರಡುವ ಮೊದಲು ಗಾಳಿ ಚೆಕ್ ಮಾಡಿ, ಬಂಕಿನವರು ಕೇಳದೆ ಎಲ್ಲದಕ್ಕೂ 35 ಪಿಎಸ್‌ಐ ತುಂಬಿಸಿಬಿಡ್ತಾರೆ. ಡ್ರೈವರ್ ಡೋರಿನ ಹತ್ತಿರ ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಗೆ ಸ್ಟಿಕ್ಕರ್ ಇರ್ತದೆ, ಟೈರ್ ತಣ್ಣಗಿದ್ದಾಗ ಅದರಲ್ಲಿದ್ದಷ್ಟೇ ಹಾಕಿಸಿ.

ಮಲ್ನಾಡ್ ಹುಡುಗ:
ಬಾಡಿಗೆ ಐಡಿಯಾ ಸೂಪರ್ ಭಟ್ರೇ. ಟೈಗುನ್ 1.0 ಆಟೋಮ್ಯಾಟಿಕ್ ಹುಡುಕ್ತೀನಿ, ಅಮ್ಮಂಗೂ ಈಗ್ಲೇ ಹೇಳಿದೀನಿ. ಹೋಗ್ತಾ ಚಾರ್ಮಾಡಿ, ಬರ್ತಾ ಶಿರಾಡಿ ಮಾಡಿದ್ರೆ ಎರಡೂ ಥರದ ರೋಡು ಸಿಗುತ್ತೆ ಅಲ್ವಾ?

ಕುಡ್ಲದ ಕಾರ್ ಭಟ್ರು:
ಹೌದು, ಹಾಗೇ ಮಾಡಿ. ಚಾರ್ಮಾಡಿ ಬೆಳಿಗ್ಗೆ ಬೇಗ ಇಳಿಯಿರಿ, ಆಮೇಲೆ ಬಸ್ಸು ಜಾಸ್ತಿ.