ಹಳೇ ಎಕ್ಸ್‌ಬಾಕ್ಸ್ ಪೆಟ್ಟಿಗೆಯಲ್ಲಿ ಗೇಮಿಂಗ್ ಪಿಸಿ: ಮುಚ್ಚಳ ಹಾಕಿದರೆ 90 ಡಿಗ್ರಿ, ರೈಸರ್ ಹಾಕಿದರೆ ಸ್ಕ್ರೀನ್ ಕಪ್ಪು

ರಾಯಚೂರು_ರಿಗ್

2001ರ ಮೊದಲ ಎಕ್ಸ್‌ಬಾಕ್ಸ್ (ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ), ಕೆಟ್ಟುಹೋದದ್ದು. ಅದರ ಪೆಟ್ಟಿಗೆಯೊಳಗೆ ಕೂರಿಸಿರೋದು: ಮಿನಿ-ಐಟಿಎಕ್ಸ್ ಅಳತೆಯ ಪುಟ್ಟ ಬಿ550 ಮದರ್‌ಬೋರ್ಡ್, ರೈಜೆನ್ 5 5600 ಪ್ರೊಸೆಸರ್, 37 ಮಿ.ಮೀ. ಎತ್ತರದ ಕೂಲರ್ (92 ಮಿ.ಮೀ. ಫ್ಯಾನ್), ಲೋ-ಪ್ರೊಫೈಲ್ (ಗಿಡ್ಡ) ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್, 250 ವ್ಯಾಟ್‌ನ ಫ್ಯಾನಿಲ್ಲದ ಚಪ್ಪಟೆ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡ್ ಬೋರ್ಡಿನ ಪಕ್ಕ ಮಲಗಿದೆ, ರೈಸರ್ ಕೇಬಲ್ (ಕಾರ್ಡನ್ನು ಬೋರ್ಡಿನ ಸ್ಲಾಟಿಗೆ ಜೋಡಿಸೋ ಪಟ್ಟಿ ಕೇಬಲ್) ಮೂಲಕ.

ತೊಂದರೆ ಮೂರು. ಮುಚ್ಚಳ ತೆಗೆದಿಟ್ಟರೆ ಪ್ರೊಸೆಸರ್ 72 ಡಿಗ್ರಿ, ಮುಚ್ಚಿದ ಹತ್ತೇ ನಿಮಿಷಕ್ಕೆ 90 ಮುಟ್ಟಿ ವೇಗ ಬಿದ್ದುಹೋಗುತ್ತೆ. ಫ್ಯಾನಿಗೂ ಮುಚ್ಚಳಕ್ಕೂ 20 ಮಿ.ಮೀ. ಅಂತರ ಇದೆ, ಗಾಳಿ ಸಾಲದು ಅನ್ನೋ ಹಾಗಿಲ್ಲ. ಎರಡನೇದು, ಹತ್ತು ಸಲ ಆನ್ ಮಾಡಿದರೆ ನಾಲ್ಕೈದು ಸಲ ಸ್ಕ್ರೀನ್ ಬರಲ್ಲ, ಬಂದಾಗಲೂ ಆಟದ ಮಧ್ಯೆ ಕಪ್ಪಾಗುತ್ತೆ. ಮೂರನೇದು, ಮುಂದಿನ ಹಳೇ ಕಂಟ್ರೋಲರ್ ಪೋರ್ಟಿಗೆ ಯುಎಸ್‌ಬಿ ಬೆಸುಗೆ ಹಾಕಿದೆ, ವಿಂಡೋಸ್ ಗುರುತಿಸ್ತಿಲ್ಲ.

ತಣ್ಣನೆಗಾಳಿ

ಸರ್, ಆ 20 ಮಿ.ಮೀ. ಅಂತರದಲ್ಲೇ ತೊಂದರೆ ಇರೋದು. ಮುಚ್ಚಳದಲ್ಲಿ ಕಂಡಿ ಇಲ್ಲ ಅಂದಮೇಲೆ ಫ್ಯಾನಿಗೆ ಹೊಸ ಗಾಳಿ ಎಲ್ಲಿಂದ ಬರಬೇಕು? ಕೂಲರಿನ ಬದಿಯಿಂದ ಹೊರಬಿದ್ದ ಬಿಸಿ ಗಾಳಿ ಮೇಲೇರಿ ಅದೇ ಅಂತರದಲ್ಲಿ ಸುತ್ತಿ ಮತ್ತೆ ಫ್ಯಾನಿಗೇ ಹೋಗ್ತಿದೆ. ಖಾತ್ರಿ ಮಾಡಿಕೊಳ್ಳೋಕೆ ಮುಚ್ಚಳವನ್ನು 5 ಮಿ.ಮೀ. ಎತ್ತಿ ಇಟ್ಟು ಆಟ ಓಡಿಸಿ, ಹಚ್ಚಿದ ಊದುಬತ್ತಿಯನ್ನು ಸಂದಿನ ಹತ್ತಿರ ಹಿಡಿಯಿರಿ. ಒಂದು ಬದಿಯಲ್ಲಿ ಹೊಗೆ ಒಳಗೆ ಎಳೆದುಕೊಂಡು, ಇನ್ನೊಂದು ಬದಿಯಲ್ಲಿ ಹೊರಗೆ ತಳ್ಳಿದರೆ ಇದೇ ಕಾರಣ.

ಪರಿಹಾರ: ಫ್ಯಾನಿನ ನೇರ ಮೇಲೆ ಮುಚ್ಚಳದಲ್ಲಿ ರಂಧ್ರ, ನಡುವೆ ಫೋಮಿನ ಬಳೆ. ರಂಧ್ರಗಳನ್ನು ಜೇನುಗೂಡಿನ ಹಾಗೆ 5 ಮಿ.ಮೀ. ಅಂತರದಲ್ಲಿ ಕೊರೆಯಿರಿ. 3 ಮಿ.ಮೀ. ರಂಧ್ರವಾದರೆ ಮೂರನೇ ಒಂದು ಭಾಗ ಮಾತ್ರ ತೆರೆದಿರುತ್ತೆ, ಸಾಲದು. 4 ಮಿ.ಮೀ. ಆದರೆ ಶೇ. 58 ತೆರೆಯುತ್ತೆ, ಆದರೆ ರಂಧ್ರಗಳ ನಡುವೆ ಉಳಿಯೋದು 1 ಮಿ.ಮೀ. ಪ್ಲಾಸ್ಟಿಕ್ ಮಾತ್ರ. ಹಾಗಾಗಿ ಎರಡೂ ಕಡೆ ಮಾಸ್ಕಿಂಗ್ ಟೇಪ್, ಕೆಳಗೆ ಮರದ ತುಂಡು, ಮೊದಲು 2 ಮಿ.ಮೀ. ಬಿಟ್, ಆಮೇಲೆ 4. ಡ್ರಿಲ್ ನಿಧಾನ ಇರಲಿ. ವೇಗ ಜಾಸ್ತಿಯಾದರೆ ಮುಚ್ಚಳದ ಎಬಿಎಸ್ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತೆ, ರಂಧ್ರದ ಅಂಚು ಉಬ್ಬುತ್ತೆ. ಕೊರೆಯೋ ಮುಂಚೆ ಕಾಗದದ ಅಚ್ಚು ಇಟ್ಟು ನೋಡಿ. ಮುಚ್ಚಳದ ನಡುವೆ ಇರೋ ಎಕ್ಸ್‌ಬಾಕ್ಸ್ ಗುರುತಿನ ಹಸಿರು ಬಿಲ್ಲೆಗೆ ತಾಗುವಂತಿದ್ದರೆ ಬೋರ್ಡನ್ನೇ ಸರಿಸಿ, ಬಿಲ್ಲೆ ಕೆಡಿಸಬೇಡಿ.

ಬಳೆಗೆ 8 ಮಿ.ಮೀ. ಇವಿಎ ಫೋಮ್ ಹಾಳೆ ಎರಡು ಪದರ, ಒಳಗಿನ ವ್ಯಾಸ 88 ಮಿ.ಮೀ. ಅದರ ಮೇಲೆ ಬಾಗಿಲ ಸಂದಿಗೆ ಅಂಟಿಸೋ 6 ಮಿ.ಮೀ. ಮೆತ್ತನೆ ಫೋಮ್ ಟೇಪ್. ಒಟ್ಟು 22, ಮುಚ್ಚಳ ಬಿಗಿದಾಗ 20ಕ್ಕೆ ಒತ್ತಿಕೊಳ್ಳುತ್ತೆ. ಈ ಬಳೆ ಇಲ್ಲದೆ ಬರೀ ರಂಧ್ರ ಕೊರೆದರೆ ಅರ್ಧ ಬಿಸಿ ಗಾಳಿ ಹಾಗೇ ಸುತ್ತುತ್ತಿರುತ್ತೆ.

ಹಿಂಬದಿಯ ಹಳೇ ಫ್ಯಾನ್ ಜಾಗ ಖಾಲಿ ಬಿಡಬೇಡಿ, ಅಲ್ಲಿ ಗಾಳಿ ಹೊರಹಾಕೋ ಫ್ಯಾನ್ ಇರಲೇಬೇಕು. ಮೂಲ ಎಕ್ಸ್‌ಬಾಕ್ಸ್‌ಗೂ ಅಲ್ಲೇ ಇತ್ತು, ಅದರ 733 ಮೆಗಾಹರ್ಟ್ಸ್ ಪ್ರೊಸೆಸರಿಗೇ ಬೇಕಾಗಿತ್ತು.

ಬೆಸುಗೆಗಾರ

ರೈಸರ್ ವಿಷಯಕ್ಕೆ ಬರ್ತೀನಿ. ನಿಮ್ಮ ಪ್ರೊಸೆಸರ್, ಬೋರ್ಡ್, ಕಾರ್ಡ್ ಮೂರೂ ಪಿಸಿಐ ಎಕ್ಸ್‌ಪ್ರೆಸ್ 4.0 (ಕಾರ್ಡು-ಬೋರ್ಡಿನ ನಡುವಿನ ಸಂಪರ್ಕದ ನಾಲ್ಕನೇ ಪೀಳಿಗೆ). ಕೇಬಲ್ 3.0ರದ್ದಾಗಿದ್ದರೆ ಬೋರ್ಡ್ 4.0 ವೇಗಕ್ಕೆ ಹೋಗಿ ಸಿಗ್ನಲ್ ಕೆಡುತ್ತೆ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್ (WHEA-Logger) 17 ಅನ್ನೋ ಹಾರ್ಡ್‌ವೇರ್ ದೋಷದ ದಾಖಲೆ ಸಾಲುಸಾಲಾಗಿ ಕಂಡರೆ ಇದೇ ಅಂತ ತಿಳ್ಕೊಳ್ಳಿ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯೋ ಬೋರ್ಡಿನ ಸೆಟ್ಟಿಂಗ್ಸ್) ಆ ಸ್ಲಾಟನ್ನು 'ಆಟೋ'ದಿಂದ ತೆಗೆದು 'ಜೆನ್ 3', ಅಂದರೆ 3.0 ವೇಗ, ಮಾಡಿ. ಈ ಕಾರ್ಡಿಗೆ ಎಂಟು ಲೇನ್ (ಡೇಟಾ ಹಾದಿ) ಇರೋದರಿಂದ ವೇಗದಲ್ಲಿ ಹೆಚ್ಚು ನಷ್ಟ ಇಲ್ಲ. ನಾಲ್ಕೇ ಲೇನಿನ ಆರ್‌ಎಕ್ಸ್ 6400 ಆಗಿದ್ದರೆ ನಷ್ಟ ಕಣ್ಣಿಗೆ ಕಾಣ್ತಿತ್ತು.

ಸ್ಕ್ರೀನ್ ಬರದೇ ಇದ್ದರೆ ಬಯೋಸ್‌ಗೆ ಹೋಗೋದಾದರೂ ಹೇಗೆ? 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಬೋರ್ಡ್ ಹೊರಗೆ ತೆಗೆದು ಕಾರ್ಡನ್ನು ನೇರ ಸ್ಲಾಟಿಗೆ ಚುಚ್ಚಿ, ಜೆನ್ 3 ಮಾಡಿ ಸೇವ್ ಮಾಡಿ, ಆಮೇಲೆ ರೈಸರ್ ಹಾಕಿ. ಸಿಮಾಸ್ ಕ್ಲಿಯರ್ ಮಾಡಿದರೆ (ಬಯೋಸ್ ಸೆಟ್ಟಿಂಗ್ಸ್ ಅಳಿಸಿದರೆ) ಇದು ಮತ್ತೆ ಆಟೋಗೆ ಹೋಗುತ್ತೆ, ಸ್ಕ್ರೀನ್ ಮತ್ತೆ ಕಪ್ಪು. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿಡಿ.

ಕಂಟ್ರೋಲರ್ ಪೋರ್ಟು ಆಕಾರದಲ್ಲಿ ಬೇರೆ, ಒಳಗೆ ಯುಎಸ್‌ಬಿಯೇ. ತಂತಿಗಳಲ್ಲಿ ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್ (ಇವೆರಡು ಡೇಟಾ ತಂತಿ), ಕಪ್ಪು ಗ್ರೌಂಡ್. ಹಳದಿ ಬೇಡ, ತುದಿಗೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗೋ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಡಿ. ಈಗ ಡಿವೈಸ್ ಮ್ಯಾನೇಜರ್ ತೆರೆದು ಕಂಟ್ರೋಲರ್ ಚುಚ್ಚಿ. ಏನೂ ಅಲುಗದಿದ್ದರೆ, ಅಥವಾ 'ಡಿವೈಸ್ ಗುರುತಿಸಲಾಗಿಲ್ಲ' ಅಂತ ಬಂದರೆ, ತಂತಿ ತಪ್ಪಿದೆ, ಹೆಚ್ಚಾಗಿ ಬಿಳಿ-ಹಸಿರು ಅದಲುಬದಲು. ಒಂದು ಯುಎಸ್‌ಬಿ ಹಬ್ ಹೊಸದಾಗಿ ಬಂದು ಅದರಡಿ ಅಪರಿಚಿತ ಸಾಧನ ಕಂಡರೆ ನಿಮ್ಮ ಬೆಸುಗೆ ಸರಿಯಾಗಿದೆ: ಮೆಮೊರಿ ಕಾರ್ಡಿಗಾಗಿ ಕಂಟ್ರೋಲರ್ ಒಳಗೇ ಹಬ್ ಇದೆ. ಆಗ ಬೇಕಾಗಿರೋದು ಡ್ರೈವರ್ ಮಾತ್ರ. ಲಿನಕ್ಸ್‌ನಲ್ಲಿ ಎಕ್ಸ್‌ಪ್ಯಾಡ್ ಡ್ರೈವರ್ ಕರ್ನೆಲ್‌ನಲ್ಲೇ ಇದೆ.

ಮತ್ತೆ, ಹಳೇ ಮದರ್‌ಬೋರ್ಡ್ ಎಸೆದಿಲ್ಲ ತಾನೆ? 1.6 ಆವೃತ್ತಿಗಿಂತ ಹಿಂದಿನದಾದರೆ ಗಡಿಯಾರದ ಕೆಪಾಸಿಟರ್ ಸೋರಿ ಸುತ್ತಲ ತಾಮ್ರದ ಗೆರೆಗಳನ್ನು ತಿಂದಿರುತ್ತೆ. ಅದನ್ನು ಕಿತ್ತು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದಿಡಿ, ಎಷ್ಟೋ ಬೋರ್ಡ್ ರಿಪೇರಿ ಆಗುತ್ತೆ.

ರಾಯಚೂರು_ರಿಗ್

ಜೆನ್ 3 ಮಾಡಿದ ಮೇಲೆ ಇಪ್ಪತ್ತು ಸಲ ಆನ್ ಮಾಡಿದೆ, ಒಂದು ಸಲವೂ ಕಪ್ಪಾಗಲಿಲ್ಲ. ಹಬ್ ಕಾಣಿಸ್ತಿದೆ, ಹಾಗಾದರೆ ಡ್ರೈವರ್ ಹುಡುಕ್ತೀನಿ. ರಂಧ್ರ, ಬಳೆ ಆದಮೇಲೆ ಮುಚ್ಚಳ ಮುಚ್ಚಿ 80 ಡಿಗ್ರಿ. ಕೋಣೆಯಲ್ಲಿ 36 ಡಿಗ್ರಿ ಇದೆ.

ತಣ್ಣನೆಗಾಳಿ

36ರ ಕೋಣೆಗೆ 80 ಒಳ್ಳೇದೇ. ಇನ್ನೂ ಇಳಿಸಬೇಕಂದರೆ ಬಯೋಸ್‌ನಲ್ಲಿ ಇಕೋ ಮೋಡ್ (ವಿದ್ಯುತ್ ಉಳಿಸೋ ಆಯ್ಕೆ) 45 ವ್ಯಾಟ್ ಇಡಿ. 45 ಅನ್ನೋದು ಹೆಸರಿಗಿರೋ ಅಂಕಿ, ಪ್ರೊಸೆಸರ್ ನಿಜವಾಗಿ ಎಳೆಯೋ ಮಿತಿ 76ರಿಂದ ಸುಮಾರು 61 ವ್ಯಾಟಿಗೆ ಇಳಿಯುತ್ತೆ. ಆಟದ ಭಾರ ಹೆಚ್ಚಾಗಿ 70 ವ್ಯಾಟಿನ ಆ ಕಾರ್ಡಿನ ಮೇಲೇ ಇರೋದರಿಂದ ಫ್ರೇಮಿನಲ್ಲಿ ವ್ಯತ್ಯಾಸ ತೀರಾ ಕಡಿಮೆ. ಪವರ್ ಸಪ್ಲೈಗೆ ಫ್ಯಾನಿಲ್ಲ, ಅದನ್ನು ಪ್ಲಾಸ್ಟಿಕ್ ಗೋಡೆಗೆ ಅಂಟಿಸಬೇಡಿ. ತಳದ ಲೋಹದ ತಗಡಿಗೆ 1 ಮಿ.ಮೀ. ಥರ್ಮಲ್ ಪ್ಯಾಡ್ ಇಟ್ಟು ಬಿಗಿಯಿರಿ, ಅದೇ ತಗಡಿಗೆ ಅರ್ಥ್ ತಂತಿಯನ್ನೂ ಸ್ಕ್ರೂ ಹಾಕಿ ಕಟ್ಟಿ.