ಕ್ಯಾಮೆರಾ ಕಂಡರೆ ಅಳುವ ಕೂಸು, ಬಾಗಿಲಲ್ಲಿ ನಿಲ್ಲುವ ಅಜ್ಜಿ: ಏನು ಮಾಡಲಿ?

ತಿಪಟೂರು ಹುಡುಗ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮದುವೆ, ಗೃಹಪ್ರವೇಶ ಅಂತ ಓಡಾಡಿಕೊಂಡಿದ್ದೆ. ಈಗ ನಮ್ಮ ಕಡೆ ಮಕ್ಕಳ ಫೋಟೋಗೆ ಕರೆಯುವವರು ಜಾಸ್ತಿ ಆಗಿದ್ದಾರೆ. ನಾಮಕರಣ, ಮೊದಲ ಹುಟ್ಟುಹಬ್ಬ, ಅಷ್ಟಮಿ ಬಂದರೆ ಕೃಷ್ಣ ವೇಷ. ಬೆಳಕು, ಲೆನ್ಸ್ ವಿಷಯದಲ್ಲಿ ನನಗೆ ತೊಂದರೆ ಇಲ್ಲ. ತೊಂದರೆ ಇರುವುದು ಜನರ ಜೊತೆ. ವರ್ಷದ ಕೂಸು ನನ್ನ ಮುಖ ಕಂಡ ಕೂಡಲೇ ಚೀರುತ್ತದೆ. ಮನೆಯವರು ಗಿಲಕಿ ಅಲ್ಲಾಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಅಳು ಇನ್ನೂ ಏರುತ್ತದೆ. ಹೋದ ವಾರ ಒಂದು ಬಾಣಂತಿ ಮನೆಯಲ್ಲಿ ಅಜ್ಜಿ "ಇಷ್ಟು ಚಿಕ್ಕ ಕೂಸಿಗೆ ಅದೇನು ಫೋಟೋ" ಎಂದು ಬಾಗಿಲಲ್ಲೇ ನಿಂತುಬಿಟ್ಟರು. ಮಗಳು ಕರೆದಿದ್ದಾರೆ, ತಾಯಿ ಬೇಡ ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ? ಇದರಲ್ಲಿ ಪಳಗಿದವರು ಸ್ವಲ್ಪ ಹೇಳಿ.

ಶಿವಮೊಗ್ಗದ ಸ್ಟುಡಿಯೋ ಅಕ್ಕ:

ತಮ್ಮಾ, ವರ್ಷದ ಮಗು ಅಳುವುದು ನಿಮ್ಮ ಮುಖದ ತಪ್ಪಲ್ಲ. ಎಂಟು ಒಂಬತ್ತು ತಿಂಗಳ ಹೊತ್ತಿಗೆ ಮಕ್ಕಳಿಗೆ ನಮ್ಮವರು ಯಾರು, ಹೊರಗಿನವರು ಯಾರು ಅನ್ನುವುದು ಗಟ್ಟಿಯಾಗುತ್ತದೆ. ಹೊಸಬರನ್ನು ಕಂಡು ಹೆದರುವುದೂ ಆಗಲೇ ಶುರು. ಮೊದಲ ಹುಟ್ಟುಹಬ್ಬ ಬರುವುದು ಸರಿಯಾಗಿ ಆ ಕಾಲಕ್ಕೇ. "ಮುಂಚೆ ಯಾರು ಎತ್ತಿಕೊಂಡರೂ ನಗುತ್ತಿತ್ತು, ಈಗೇನಾಯಿತೋ" ಎಂದು ಮನೆಯವರೇ ಗಾಬರಿಯಾಗಿರುತ್ತಾರೆ. ಅವರಿಗೆ ಇದನ್ನು ಹೇಳಿ. ನಿಮ್ಮ ಮೇಲಿನ ಅನುಮಾನವೂ ಕಡಿಮೆಯಾಗುತ್ತದೆ, ಅವರ ಗಡಿಬಿಡಿಯೂ.

ನಾನು ಬುಕಿಂಗ್ ಫೋನಿನಲ್ಲಿ ದುಡ್ಡಿನ ಮಾತಿಗಿಂತ ಮೊದಲು ಕೇಳುವುದು ಮಗುವಿನ ವಿಷಯ. ಮನೆಯಲ್ಲಿ ಏನಂತ ಕರೆಯುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತದೆ, ಈಚೆಗೆ ಚುಚ್ಚುಮದ್ದು ಆಗಿದೆಯಾ. 6, 10, 14ನೇ ವಾರದಲ್ಲಿ ಕೊಡುವ, ಐದು ರೋಗ ತಡೆಯುವ ಪೆಂಟಾವೇಲೆಂಟ್ ಸೂಜಿ ಆದ ಮೇಲೆ ತುಂಬಾ ಮಕ್ಕಳಿಗೆ ಒಂದೆರಡು ದಿನ ಜ್ವರ, ತೊಡೆನೋವು ಇರುತ್ತದೆ. ಆಗ ಹೋಗಿ ನಗಿಸುತ್ತೇನೆ ಅನ್ನುವುದು ಮಗುವಿಗೆ ಹಿಂಸೆ.

ಮನೆಗೆ ಹೋದ ಮೇಲೆ ಬ್ಯಾಗ್ ಬಾಗಿಲ ಹತ್ತಿರ ಇಡಿ. ಕೊಟ್ಟ ಕಾಫಿ ಕುಡಿಯಿರಿ. ಮಗುವನ್ನು ದಿಟ್ಟಿಸಿ ನೋಡಬೇಡಿ, ಎತ್ತಿಕೊಳ್ಳಲು ಕೈ ಚಾಚಲೇಬೇಡಿ. ಅದು ನಿಮ್ಮನ್ನೊಮ್ಮೆ ನೋಡುತ್ತದೆ, ಆಮೇಲೆ ಅಮ್ಮನ ಮುಖ ನೋಡುತ್ತದೆ. ಅಮ್ಮ ನಗುತ್ತಾ ಮಾತಾಡುತ್ತಿದ್ದರೆ ಪರವಾಗಿಲ್ಲ, ಇವರು ಏನೂ ಮಾಡಲ್ಲ ಎಂದು ತಾನೇ ತೀರ್ಮಾನಿಸುತ್ತದೆ. ಅದಕ್ಕೇ ನಾನು ಮಗುವನ್ನು ಒಲಿಸಿಕೊಳ್ಳಲು ಹೋಗುವುದಿಲ್ಲ. ಅಮ್ಮ ನಿರಾಳವಾಗಿದ್ದಾಳಾ ಅನ್ನುವುದಷ್ಟೇ ನನ್ನ ಚಿಂತೆ. "ಮನೆಯೆಲ್ಲಾ ಹರಡಿಬಿದ್ದಿದೆ" ಎಂದು ಪೇಚಾಡುತ್ತಿದ್ದರೆ, ಕಿಟಕಿ ಪಕ್ಕದ ಒಂದು ಚಾಪೆಯಷ್ಟು ಜಾಗ ಸಾಕು ಎನ್ನುತ್ತೇನೆ. ನಿಜವಾಗಿಯೂ ಅಷ್ಟೇ ಸಾಕು.

ಕ್ಯಾಮೆರಾ ತೆಗೆದ ಮೇಲೆ ನೆಲದ ಮೇಲೆ ಕೂರಿ. 85 ಎಂಎಂ ಲೆನ್ಸ್ ಇದ್ದರೆ ದೂರದಿಂದಲೇ ಆಗುತ್ತದೆ, ಮಗುವಿನ ಮೇಲೆ ಹೋಗಿ ಬೀಳಬೇಕಿಲ್ಲ. ಫ್ಲಾಶ್ ಬೇಡ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಆದರೆ ಸದ್ದು ಮಾಡದ ಸೈಲೆಂಟ್ ಶಟರ್ ಹಾಕಿ. ಹಾಗೆ ತೆಗೆದರೆ ಎಲ್‌ಇಡಿ ಬಲ್ಬಿನ ಕೆಳಗೆ ಫೋಟೋದಲ್ಲಿ ಪಟ್ಟೆ ಬರಬಹುದು, ನೋಡಿಕೊಳ್ಳಿ. ಎರಡು ಮೂರು ವರ್ಷದವರಾದರೆ ಬಟನ್ ಅವರ ಕೈಯಲ್ಲೇ ಒತ್ತಿಸಿ, ಅಜ್ಜನ ಫೋಟೋ ಅವರೇ ತೆಗೆಯಲಿ. ಬೆಲ್ಟ್ ಮಾತ್ರ ನಿಮ್ಮ ಕತ್ತಿನಲ್ಲೇ ಇರಲಿ, ಅಷ್ಟೊಂದು ನಂಬಿಕೆ ಬೇಡ!

ಗಿಲಕಿಯವರಿಗೆ ಬೇರೆ ಕೆಲಸ ಕೊಡಿ. ಅದಕ್ಕಿಂತ ಕೆಟ್ಟದ್ದು "ಅಳಬೇಡ, ಅಂಕಲ್ ಹಿಡ್ಕೊಂಡು ಹೋಗ್ತಾರೆ" ಅನ್ನುವ ಮಾತು. ಆ ಒಂದು ಮಾತಿಗೆ ನೀವು ಗುಮ್ಮ ಆಗಿಬಿಟ್ಟಿರಿ. ಇದನ್ನು ಅನ್ನಬೇಡಿ ಎಂದು ನಾನು ಮುಂಚೆಯೇ, ಮುಲಾಜಿಲ್ಲದೆ ಹೇಳುತ್ತೇನೆ.

ಇನ್ನು ಬಾಗಿಲಲ್ಲಿ ನಿಂತ ಅಜ್ಜಿ. ಅವರ ಮಾತೇ ಕೇಳಿ. ಬಾಣಂತಿ ಕೋಣೆಯಲ್ಲಿ ನಡೆಯುವುದು ಅವರದೇ ಮಾತು. ಮಗಳು ಮುಂಗಡ ಕೊಟ್ಟಿದ್ದರೂ ಸರಿ, "ನಿಮಗೆ ಯಾವಾಗ ಸರಿ ಅನ್ನಿಸುತ್ತೋ ಆಗ ಕರೀರಿ ಅಮ್ಮ" ಎಂದು ದಿನ ಮುಂದೆ ಹಾಕಿ. ತೊಟ್ಟಿಲಿಗೆ ಹಾಕುವ ದಿನ ಅವರೇ ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂರಬಹುದು.

ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ:

ನಾನು ಫೋಟೋಗ್ರಾಫರ್ ಅಲ್ಲ, ದುಡ್ಡು ಕೊಟ್ಟು ಫೋಟೋ ತೆಗೆಸಿದವಳು. ಅಕ್ಕ ಹೇಳಿದ್ದೆಲ್ಲ ಶೂಟಿಂಗ್ ದಿನದ ಮಾತು. ನಮ್ಮ ನಂಬಿಕೆ ಹೋಗಿದ್ದು ಆಮೇಲೆ. ಮಗಳ ಕೆನ್ನೆಗೆ ನಮ್ಮ ಅತ್ತೆ ದೃಷ್ಟಿ ಬೊಟ್ಟು ಇಟ್ಟಿದ್ದರು. ಆಲ್ಬಮ್ ಬಂದಾಗ ಒಂದು ಫೋಟೋದಲ್ಲೂ ಅದು ಇಲ್ಲ! ಕಲೆ ಅಂದುಕೊಂಡು ಅಳಿಸಿದ್ದಾರೆ. ಮೈಬಣ್ಣವನ್ನೂ ಕೇಳದೆ ಬೆಳ್ಳಗೆ ಮಾಡಿದ್ದಾರೆ. ಅತ್ತೆ ಇವತ್ತಿಗೂ ಆ ಆಲ್ಬಮ್ ಮುಟ್ಟಿಲ್ಲ. ಸಾಲದ್ದಕ್ಕೆ, ಬರೀ ಉಡಿದಾರದಲ್ಲಿ ಆಡುತ್ತಿದ್ದ ಒಂದು ಫೋಟೋ ಅವರ ಇನ್‌ಸ್ಟಾಗ್ರಾಮ್ ಪುಟದಲ್ಲಿತ್ತು. ನಮಗೆ ಹೇಳಿದ್ದು ಪಕ್ಕದ ಮನೆಯವರು. ಅಂಥ ಫೋಟೋ ಮನೆ ಆಲ್ಬಮ್ಮಿನಲ್ಲಿದ್ದರೆ ಚಂದ, ಊರಿಗೆಲ್ಲ ತೋರಿಸುವುದಕ್ಕಲ್ಲ. ಬೊಟ್ಟು, ಕರಿಬಳೆ, ತಾಯತ ಇರಲಾ ಬೇಡವಾ ಎಂದು ಮೊದಲೇ ಒಂದು ಮಾತು ಕೇಳಿ. ಕೇಳುವುದಕ್ಕೇನು ಖರ್ಚು?

ಪೋಟ್ರೇಟ್ ಪ್ರಿಯ, ಬೆಂಗಳೂರು:

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ನಾನು ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಇಟ್ಟುಕೊಂಡಿದ್ದೇನೆ. ಆಲ್ಬಮ್‌ಗೆ ಬೇರೆ ಟಿಕ್, ಇನ್‌ಸ್ಟಾಗ್ರಾಮ್‌ಗೆ ಬೇರೆ ಟಿಕ್. "ಹಾಕಲು ಒಪ್ಪಿದರೆ ಡಿಸ್ಕೌಂಟ್" ಅಂತ ಕೆಲವರು ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ದುಡ್ಡಿಗೆ ಸಿಕ್ಕ ಒಪ್ಪಿಗೆ ಮನಸ್ಸಿನದ್ದಾಗಿರುವುದಿಲ್ಲ.

ಹಸುಗೂಸಿನ ಫೋಟೋ ತೆಗೆಯುವ ಹೊಸಬರಿಗೆ ಇನ್ನೊಂದು ಮಾತು. ಗಲ್ಲಕ್ಕೆ ಎರಡೂ ಕೈ ಕೊಟ್ಟು ಮಲಗಿರುವ ಕೂಸಿನ ಚಿತ್ರ ನೋಡಿರುತ್ತೀರಿ. ಸರಿಯಾಗಿ ಮಾಡುವವರು ಅದನ್ನು ಒಂದೇ ಫೋಟೋದಲ್ಲಿ ತೆಗೆಯುವುದಿಲ್ಲ. ಒಂದರಲ್ಲಿ ತಲೆಯನ್ನು, ಇನ್ನೊಂದರಲ್ಲಿ ಕೈಗಳನ್ನು ಯಾರಾದರೂ ಹಿಡಿದಿರುತ್ತಾರೆ. ಆಮೇಲೆ ಎರಡನ್ನೂ ಕೂಡಿಸುತ್ತಾರೆ. ಕೂಸಿನ ಕತ್ತು ತಲೆಯ ಭಾರ ಹೊರುವುದಿಲ್ಲ. ಕಲಿಯದೆ ಕೈ ಹಾಕಬೇಡಿ. ಮನೆಯವರು ಫೋನಿನಲ್ಲಿ ಚಿತ್ರ ತೋರಿಸಿ ಇದೇ ಬೇಕು ಅಂದರೂ ಆಗಲ್ಲ ಅನ್ನಿ.

ದಾವಣಗೆರೆ ಕ್ಲಿಕ್:

ಎಲ್ಲಾ ಚೆನ್ನಾಗಿದೆ. ಆದರೆ ಪಾರ್ಟಿ ಹಾಲಿನಲ್ಲಿ ರಾತ್ರಿ ಎಂಟಕ್ಕೆ ಕೇಕು, ಡಿಜೆ, ಬಲೂನು ಒಡೆಯುವ ಸದ್ದು, ಸ್ಟೇಜ್ ತುಂಬಾ ನೆಂಟರು. ಅಲ್ಲಿ ಯಾರು ಕಾಫಿ ಕುಡಿದು ಕಾಯುತ್ತಾರೆ ಅಕ್ಕಾ? ನಮಗೆ ಸಿಗುವುದು ಹತ್ತು ನಿಮಿಷ.

ಶಿವಮೊಗ್ಗದ ಸ್ಟುಡಿಯೋ ಅಕ್ಕ:

ನಿಜ ತಮ್ಮಾ. ಹಾಲಿನಲ್ಲಿ ನಂಬಿಕೆ ಹುಟ್ಟಿಸಲು ಆಗುವುದಿಲ್ಲ, ಇರುವುದನ್ನು ಬಳಸಬಹುದು ಅಷ್ಟೇ. ಅದಕ್ಕೇ ಹುಟ್ಟುಹಬ್ಬದ ಆರ್ಡರ್ ಬಂದರೆ ಮಗುವಿನ ಪೋಟ್ರೇಟ್ ಬೆಳಿಗ್ಗೆಯೇ ಮನೆಯಲ್ಲಿ ತೆಗೆಯುತ್ತೇನೆ. ನಿದ್ದೆ ಮುಗಿದು ಹೊಟ್ಟೆ ತುಂಬಿರುವ ಹೊತ್ತಿಗೆ. ಸಂಜೆ ಹೋದಾಗ ಅದಕ್ಕೆ ನನ್ನ ಮುಖದ ಗುರುತು ಇರುತ್ತದೆ, ಆ ಸದ್ದಿನಲ್ಲೂ ಸ್ವಲ್ಪ ಸಹಾಯವಾಗುತ್ತದೆ. ಸ್ಟೇಜಿನಲ್ಲಿ ಅತ್ತರೆ ಅಳುವುದನ್ನೇ ತೆಗೆಯಿರಿ. ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡ ಫೋಟೋವನ್ನೇ ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕಿದ ಮನೆಗಳು ನಮ್ಮೂರಿನಲ್ಲಿವೆ.

ತಿಪಟೂರು ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ಮನೆಗೆ ನಾಳೆಯೇ ಫೋನ್ ಮಾಡುತ್ತೇನೆ. ಅಕ್ಕಾ, ಬೆಳಿಗ್ಗೆ ಮನೆಗೆ ಹೋಗುವುದಕ್ಕೆ ಬೇರೆ ಚಾರ್ಜ್ ಹಾಕುತ್ತೀರಾ? ನಮ್ಮ ಕಡೆ ಕೇಳಿದರೆ "ಅದೂ ಸೇರಿಸಿ ಮಾಡ್ಕೊಡಿ" ಅಂತಾರೆ.

ಶಿವಮೊಗ್ಗದ ಸ್ಟುಡಿಯೋ ಅಕ್ಕ:

ಬೇರೆ ಹಾಕುವುದಿಲ್ಲ. ಒಟ್ಟು ಪ್ಯಾಕೇಜಿನ ರೇಟಿನಲ್ಲೇ ಸೇರಿಸಿ ಹೇಳಿ. ಬೇರೆ ಅಂದರೆ ಬೇಡ ಅನ್ನುತ್ತಾರೆ, ಆಮೇಲೆ ಸ್ಟೇಜಿನಲ್ಲಿ ಒದ್ದಾಡುವವರು ನೀವೇ. ಅಜ್ಜಿ ಏನಂದರು ಬರೆಯಿರಿ.